ರಕ್ತ ಕಡಿಮೆಯಾದರೆ ಮೈಯೆಲ್ಲ ಯಾಕೆ ಸೋಲುತ್ತದೆ?



ಒಂದು ಸಂಘದ ವಾರದ ಸಭೆ. ಉಳಿತಾಯದ ದುಡ್ಡು ಎಣಿಸಿ ಮುಗಿದಿತ್ತು, ಸಾಲ ಮರುಪಾವತಿಯ ಲೆಕ್ಕ ಓದುತ್ತಿದ್ದರು. ಗೋಡೆಗೆ ಒರಗಿ ಕೂತಿದ್ದ ಒಬ್ಬ ಸದಸ್ಯೆ ತೂಕಡಿಸಿಬಿಟ್ಟರು. "ಇವಳದು ಯಾವಾಗ್ಲೂ ಇದೇ ಕಥೆ, ಮೈಗಳ್ಳಿ" ಅಂತ ಯಾರೋ ಅಂದರು, ಎಲ್ಲರೂ ನಕ್ಕರು. ಸಭೆಯಲ್ಲಿ ಗಮನ ಇಡಲಿಲ್ಲ ಅಂತ 10 ರೂಪಾಯಿ ದಂಡವೂ ಬಿತ್ತು. ಇದಾಗಿ ಹದಿನೈದು ದಿನಕ್ಕೆ ಊರಲ್ಲಿ ಆರೋಗ್ಯ ಶಿಬಿರ. ಆಕೆಯ ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ 6.8. ಇರಬೇಕಾದ್ದು ಕಡಿಮೆ ಎಂದರೂ 12. "ಇಷ್ಟು ರಕ್ತ ಇಟ್ಕೊಂಡು ಕಳೆ ಕೀಳೋಕೆ ಹೆಂಗಮ್ಮಾ ಹೋಗ್ತಿದ್ದೆ?" ಎಂದು ನರ್ಸಮ್ಮ ಕೇಳಿದರು. ದಂಡ ಹಾಕೋಣ ಎಂದವರಲ್ಲಿ ನಾನೂ ಒಬ್ಬಳು.

ಶಿಬಿರ ಮುಗಿದ ಮೇಲೆ ಆಕೆ ಒಂದು ಪ್ರಶ್ನೆ ಕೇಳಿದರು. "ಕಡಿಮೆ ಆಗಿರೋದು ರಕ್ತ ಅಲ್ವಾ? ಮತ್ತೆ ಕಾಲು ಯಾಕೆ ಸೋಲತ್ತೆ, ತಲೆ ಯಾಕೆ ಸುತ್ತತ್ತೆ, ಎದೆ ಯಾಕೆ ಡವಡವ ಅನ್ನತ್ತೆ?" ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ನಮ್ಮ ದೇಹ ಒಳಗಡೆ ಹೇಗೆ ಜೋಡಣೆಯಾಗಿದೆ ಎಂದು ಸ್ವಲ್ಪ ತಿಳಿಯಬೇಕು. ನಮ್ಮ ಮಕ್ಕಳು ವಿಜ್ಞಾನ ಪುಸ್ತಕ ಹಿಡಿದು "ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ" ಅಂತ ಬಾಯಿಪಾಠ ಮಾಡುತ್ತಾರಲ್ಲ, ಅದೇ ವಿಷಯ. ಪರೀಕ್ಷೆಗೆ ಅಷ್ಟೇ ಅಂದುಕೊಂಡಿದ್ದೆವು. ನಮಗೂ ಬೇಕಾದದ್ದೇ ಅದು.

ಕೋಶ ಎಂದರೆ ಯಾವ ಕೋಶ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಗರ್ಭಕೋಶ, ಮೂತ್ರಕೋಶ, ಶ್ವಾಸಕೋಶ ಅಂತ ನಾವು ಹೇಳುತ್ತೇವೆ. ಇವು ಜೀವಕೋಶಗಳಲ್ಲ. ಇವೆಲ್ಲ ದೊಡ್ಡ ದೊಡ್ಡ ಅಂಗಗಳು. ಕೋಶ ಎಂದರೆ ಚೀಲ ಅಂತಲೂ ಆಗುತ್ತದೆ, ಭಂಡಾರ ಅಂತಲೂ ಆಗುತ್ತದೆ. ದುಡ್ಡು ಇಡುವವರಿಗೆ ಕೋಶಾಧಿಕಾರಿ ಅನ್ನುವುದು ಅದಕ್ಕೇ. ಆದರೆ ಜೀವಕೋಶ ಎಂದರೆ ಬೇರೆ. ಅದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಒಂದು ಗರ್ಭಕೋಶದಲ್ಲಿ ಕೋಟ್ಯಂತರ ಜೀವಕೋಶಗಳಿರುತ್ತವೆ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬುವರು ಬೆಂಡಿನ ತೆಳು ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಜೇನುಹಟ್ಟಿಯ ಹಾಗೆ ಪುಟ್ಟ ಪುಟ್ಟ ಕೋಣೆಗಳು ಕಂಡವು. ಅವಕ್ಕೆ ಕೋಣೆ ಎಂಬರ್ಥದ 'ಸೆಲ್' ಎಂಬ ಹೆಸರಿಟ್ಟರು. ಅವರು ನೋಡಿದ್ದು ಸತ್ತ ಬೆಂಡಿನ ಖಾಲಿ ಕೋಣೆ. ಇನ್ನು ಹತ್ತು ವರ್ಷದೊಳಗೆ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತಾವೇ ಉಜ್ಜಿ ಮಾಡಿಕೊಂಡ ಗಾಜಿನಲ್ಲಿ ರಕ್ತವನ್ನು ನೋಡಿ ಅದರೊಳಗಿನ ಕೆಂಪು ಕಣಗಳನ್ನು ವಿವರಿಸಿದರು. ದೊಡ್ಡ ಓದು ಓದಿದವರಲ್ಲ, ಬಟ್ಟೆಯ ನೂಲು ಪರೀಕ್ಷಿಸುತ್ತಿದ್ದವರು.

ನಿಮಗೂ ನೋಡುವ ಆಸೆಯಿದ್ದರೆ ಪಕ್ಕದ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರನ್ನು ಕೇಳಿ. ಈರುಳ್ಳಿ ಪದರದ ಒಳಗಿನ ತೆಳು ಸಿಪ್ಪೆ ಸಾಕು. ಇಟ್ಟಿಗೆ ಜೋಡಿಸಿದ ಗೋಡೆಯಂತೆ ಜೀವಕೋಶಗಳು ಕಾಣುತ್ತವೆ. ಇನ್ನು, ಮೊಟ್ಟೆ ಇಡುವ ಕೋಳಿಯನ್ನು ಕೊಯ್ದಾಗ ಒಳಗೆ ದೊಡ್ಡದು ಚಿಕ್ಕದು ಹಳದಿ ಉಂಡೆಗಳ ಗೊಂಚಲು ಸಿಗುತ್ತದಲ್ಲ, ಆ ಒಂದೊಂದು ಹಳದಿಯೂ ಒಂದೇ ಒಂದು ಜೀವಕೋಶ. ಕಣ್ಣಿಗೆ ಕಾಣುವ ಜೀವಕೋಶವನ್ನು ನಾವು ಎಷ್ಟೋ ಸಲ ಸಾರಿಗೆ ಹಾಕಿದ್ದೇವೆ.

ಜೀವಕೋಶ ಮನೆಯ ಇಟ್ಟಿಗೆ ಇದ್ದ ಹಾಗೆ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನನಗೆ ಆ ಮಾತು ಅಷ್ಟು ಒಪ್ಪಿಗೆಯಿಲ್ಲ. ಇಟ್ಟಿಗೆ ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಜೀವಕೋಶ ಎರಡನ್ನೂ ಮಾಡುತ್ತದೆ. ಅದಕ್ಕೆ ಸುತ್ತ ಒಂದು ಪೊರೆಯಿದೆ. ಬೇಕಾದ್ದನ್ನು ಒಳಗೆ ಬಿಟ್ಟು ಬೇಡದ್ದನ್ನು ಹೊರಗೆ ತಳ್ಳುತ್ತದೆ. ನಡುವೆ ಕೋಶಕೇಂದ್ರ, ಯಾವಾಗ ಏನು ಮಾಡಬೇಕೆಂಬ ಬರಹವೆಲ್ಲ ಅಲ್ಲಿ. ಆಹಾರ ಮತ್ತು ಆಮ್ಲಜನಕ ಸೇರಿಸಿ ಶಕ್ತಿ ಹುಟ್ಟಿಸುವ ಒಲೆಗಳೂ ಒಳಗಿವೆ, ಅವಕ್ಕೆ ಮೈಟೊಕಾಂಡ್ರಿಯ ಎನ್ನುತ್ತಾರೆ. ನಾವು ಮೂಗಿನಿಂದ ಎಳೆದುಕೊಂಡ ಉಸಿರು ಕೊನೆಗೆ ಹೋಗಿ ಸೇರುವುದು ಈ ಒಲೆಗೆ. ಇದೊಂದು ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬೋಟಿ ತೊಳೆಯುವವರಿಗೆ ಅಂಗಾಂಶ ಗೊತ್ತು

ಒಂದೇ ಬಗೆಯ ಕೆಲಸ ಮಾಡುವ ಜೀವಕೋಶಗಳು ಒಟ್ಟಾಗಿ ಸೇರಿದರೆ ಅದು ಅಂಗಾಂಶ. ನಮ್ಮ ದೇಹದಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಇದನ್ನು ಚಿತ್ರ ಬರೆದು ಹೇಳುವುದಕ್ಕಿಂತ ಅಡುಗೆಮನೆಯಲ್ಲಿ ಹೇಳುವುದು ಸುಲಭ.

ಕುರಿ ಬೋಟಿ ತೊಳೆಯುವುದನ್ನು ನೆನೆಸಿಕೊಳ್ಳಿ. ಹೊಟ್ಟೆಚೀಲದ ಒಳಮೈ ಟವೆಲ್ಲಿನ ಹಾಗೆ ಒರಟೊರಟು. ಬಿಸಿನೀರು ಹಾಕಿ, ಸುಣ್ಣ ಹಚ್ಚಿ ಕೆರೆದಾಗ ಕಪ್ಪು ಪದರ ಎದ್ದು ಬರುತ್ತದೆ. ಅದು ಅನುಲೇಪಕ ಅಂಗಾಂಶ, ಎಂದರೆ ಹೊದಿಕೆಯ ಅಂಗಾಂಶ. ಚರ್ಮದ ಮೇಲೂ, ಬಾಯೊಳಗೂ, ಕರುಳಿನ ಒಳಗೂ ಇಂಥದೇ ಹೊದಿಕೆಯಿದೆ. ಕೆರೆದ ಮೇಲೆ ಉಳಿಯುವ, ಬೇಯಿಸಿದರೂ ಅಗಿಯಲು ಗಟ್ಟಿ ಎನಿಸುವ ಭಾಗ ಹೆಚ್ಚಾಗಿ ಸ್ನಾಯು ಅಂಗಾಂಶ. ಕುಗ್ಗಿ ಹಿಗ್ಗಿ ಆಹಾರವನ್ನು ಮುಂದಕ್ಕೆ ನೂಕುವುದು ಅದರ ಕೆಲಸ. ಇವುಗಳ ನಡುವೆ, ಮೇಲೆ ಅಂಟಿಕೊಂಡಿರುವ ಬಿಳಿ ಪೊರೆ, ಕೊಬ್ಬು ಇವು ಸಂಯೋಜಕ ಅಂಗಾಂಶ, ಎಲ್ಲವನ್ನೂ ಹಿಡಿದಿಡುವಂಥದು. ನರ ಅಂಗಾಂಶವೂ ಅಲ್ಲೇ ಇದೆ, ಎಳೆ ಬಹಳ ಸಣ್ಣದಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ.

ಹೀಗೆ ನಾಲ್ಕೂ ಸೇರಿ ಆದದ್ದು ಹೊಟ್ಟೆಚೀಲ, ಅದು ಅಂಗ. ಬಾಯಿ, ಅನ್ನನಾಳ, ಹೊಟ್ಟೆಚೀಲ, ಕರುಳು, ಲಿವರ್ ಎಲ್ಲ ಸೇರಿ ಅನ್ನ ಅರಗಿಸುವ ಜೀರ್ಣಾಂಗವ್ಯೂಹ. ಉಸಿರಾಟಕ್ಕೆ ಒಂದು ವ್ಯೂಹ, ರಕ್ತ ಓಡಾಡಲು ಒಂದು, ಮೂತ್ರಕ್ಕೆ ಒಂದು, ಹೆರುವುದಕ್ಕೆ ಒಂದು, ಹೀಗೆ. ನಮ್ಮಲ್ಲಿ ಸದಸ್ಯೆಯರು ಸೇರಿ ಸಂಘ, ಸಂಘಗಳು ಸೇರಿ ಒಕ್ಕೂಟ ಆಗುವುದಿಲ್ಲವೇ, ಸುಮಾರಾಗಿ ಆ ಥರ. ಒಂದು ವ್ಯತ್ಯಾಸ ಉಂಟು. ಸಂಘದಲ್ಲಿ ಒಬ್ಬರು ಒಂದು ವಾರ ಬರದಿದ್ದರೆ ನಡೆಯುತ್ತದೆ. ಮೆದುಳಿನ ಜೀವಕೋಶಕ್ಕೆ ಕೆಲವೇ ನಿಮಿಷ ಆಮ್ಲಜನಕ ಸಿಗದಿದ್ದರೆ ಅದು ಸಾಯುತ್ತದೆ.

ಇನ್ನೊಂದು ವಿಷಯ ಕೇಳಿದರೆ ಆಶ್ಚರ್ಯವಾಗಬಹುದು. ರಕ್ತ ನೀರಿನಂತೆ ಹರಿದರೂ ಅದೂ ಒಂದು ಅಂಗಾಂಶವೇ, ಸಂಯೋಜಕ ಅಂಗಾಂಶದ ಗುಂಪಿನದು. ಎಲುಬು ಕೂಡ ಅದೇ ಗುಂಪು. ಒಂದು ಕಲ್ಲಿನಂತೆ, ಒಂದು ನೀರಿನಂತೆ, ಆದರೂ ಒಂದೇ ಮನೆತನ.

ಕೆಂಪು ಕಣದ ನಾಲ್ಕು ತಿಂಗಳು

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಮನುಷ್ಯರ ದೇಹದಲ್ಲಿ ಒಟ್ಟು 30ರಿಂದ 37 ಲಕ್ಷ ಕೋಟಿ ಜೀವಕೋಶಗಳಿವೆ ಎಂದು ಅಂದಾಜು. ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ರಕ್ತದ ಕೆಂಪು ಕಣಗಳೇ! ಲೆಕ್ಕದಲ್ಲಿ ನೋಡಿದರೆ ನಾವೆಲ್ಲ ಮುಕ್ಕಾಲು ಪಾಲಿಗಿಂತ ಹೆಚ್ಚು ಕೆಂಪು ಕಣ. ಬೆರಳು ಚುಚ್ಚಿ ತೆಗೆಯುವ ಒಂದು ತೊಟ್ಟಿನಲ್ಲಿ 20 ಕೋಟಿಯ ಹತ್ತಿರ ಇರುತ್ತವೆ.

ಇದರ ಆಕಾರ ಎರಡೂ ಕಡೆ ನಡುವೆ ಹೆಬ್ಬೆರಳಿನಿಂದ ಒತ್ತಿದ ನಿಪ್ಪಟ್ಟಿನಂತೆ. ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ. ನಲ್ಲಿಮೂಳೆ ಹೀರುವಾಗ ಸಿಗುತ್ತದಲ್ಲ, ಅದೇ ಮಜ್ಜೆ. ದೊಡ್ಡವರಲ್ಲಿ ಕೈಕಾಲಿನ ಉದ್ದ ಮೂಳೆಗಳ ಮಜ್ಜೆ ಬಹುಪಾಲು ಕೊಬ್ಬಾಗಿರುತ್ತದೆ. ಸೊಂಟ, ಬೆನ್ನುಮೂಳೆ, ಪಕ್ಕೆಲುಬು, ಎದೆಮೂಳೆ ಇಲ್ಲೇ ರಕ್ತ ತಯಾರಾಗುವುದು. ಒಂದು ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣ. ನೀವು ಈ ಸಾಲು ಓದುವಷ್ಟರಲ್ಲಿ ಒಂದು ಕೋಟಿ ಹುಟ್ಟಿರಬಹುದು.

ಹೊರಡುವ ಮೊದಲು ಈ ಕಣ ತನ್ನ ಕೋಶಕೇಂದ್ರವನ್ನೇ ಹೊರಗೆ ಹಾಕಿಬಿಡುತ್ತದೆ. ಯಾಕೆ ಅಂದರೆ ಒಳಗೆ ಹಿಮೋಗ್ಲೋಬಿನ್ ತುಂಬಿಕೊಳ್ಳಲು ಜಾಗ ಬೇಕು. ಒಂದೊಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು, ಪ್ರತಿ ಅಣುವಿನ ಹೃದಯದಲ್ಲಿ ನಾಲ್ಕು ಚೂರು ಕಬ್ಬಿಣ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಳ್ಳುವುದು ಆ ಕಬ್ಬಿಣವೇ. ರಕ್ತದ ಕೆಂಪು ಬಣ್ಣವೂ ಅದರಿಂದಲೇ. ಹಿಡಿದುಕೊಂಡದ್ದನ್ನು ಕಾಲಿನ ಸ್ನಾಯುವಿಗೆ, ಮೆದುಳಿಗೆ, ಬಸಿರಿದ್ದರೆ ಮಾಸಿನ ಮೂಲಕ ಮಗುವಿಗೆ ಇಳಿಸಿ ಮತ್ತೆ ಶ್ವಾಸಕೋಶಕ್ಕೆ ಓಡುತ್ತದೆ. ಒಂದು ಸುತ್ತಿಗೆ ಹೆಚ್ಚು ಕಡಿಮೆ ಒಂದು ನಿಮಿಷ.

ಕೋಶಕೇಂದ್ರ ಇಲ್ಲದ್ದರಿಂದ ಇದು ತನ್ನ ರಿಪೇರಿ ತಾನು ಮಾಡಿಕೊಳ್ಳಲಾರದು, ಮರಿ ಹಾಕಲಾರದು. ಸುಮಾರು 120 ದಿನ ದುಡಿದು ಸವೆಯುತ್ತದೆ. ಆಗ ಗುಲ್ಮ ಮತ್ತು ಲಿವರ್ ಅದನ್ನು ಒಡೆದು ಕಬ್ಬಿಣವನ್ನು ಮಾತ್ರ ಜೋಪಾನವಾಗಿ ತೆಗೆದು ಮಜ್ಜೆಗೆ ವಾಪಸ್ ಕಳಿಸುತ್ತವೆ.

ನಮ್ಮ ಸುತ್ತುನಿಧಿ ಇದೆಯಲ್ಲ, ಥೇಟ್ ಹಾಗೆ. ಇದ್ದ ದುಡ್ಡೇ ಒಬ್ಬರಿಂದ ಒಬ್ಬರಿಗೆ ತಿರುಗುತ್ತಿರುತ್ತದೆ, ಹೊಸ ಉಳಿತಾಯ ಸೇರುವುದು ಸ್ವಲ್ಪ. ದೇಹದಲ್ಲಿ ದಿನಕ್ಕೆ ಸುಮಾರು 20 ಮಿಲಿಗ್ರಾಂ ಕಬ್ಬಿಣ ಹೀಗೆ ಹಳೆ ಕಣದಿಂದ ಹೊಸ ಕಣಕ್ಕೆ ತಿರುಗುತ್ತದೆ. ಊಟದಿಂದ ಕರುಳು ಹೀರಿಕೊಳ್ಳುವ ಹೊಸ ಕಬ್ಬಿಣ ಬರೀ 1ರಿಂದ 2 ಮಿಲಿಗ್ರಾಂ. ಚರ್ಮ, ಕರುಳಿನ ಹೊದಿಕೆ ಉದುರುವುದರಿಂದ ದಿನಕ್ಕೆ ಸುಮಾರು 1 ಮಿಲಿಗ್ರಾಂ ಖರ್ಚು. ಗಂಡಸರ ಲೆಕ್ಕ ಇಲ್ಲಿಗೆ ಸರಿಹೋಗುತ್ತದೆ.

ನಮ್ಮ ಲೆಕ್ಕ ಹಾಗಲ್ಲ. ತಿಂಗಳ ಮುಟ್ಟಿನಲ್ಲಿ ಸಾಮಾನ್ಯವಾಗಿ 30-40 ಮಿಲಿಲೀಟರ್ ರಕ್ತ ಹೋಗುತ್ತದೆ. ಅಂದರೆ ಸುಮಾರು 20 ಮಿಲಿಗ್ರಾಂ ಕಬ್ಬಿಣ. 80 ಮಿಲಿಲೀಟರ್ ದಾಟಿದರೆ ಅದು ಅತಿಸ್ರಾವ, ಆಗ ಕಬ್ಬಿಣವೂ ಎರಡು ಪಾಲು ಹೋಯಿತು. ಒಂದು ಬಸಿರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ದಿನಕ್ಕೆ ಒಂದೆರಡು ಮಿಲಿಗ್ರಾಂ ಜಮಾ ಆಗುವ ಪಾಸ್‌ಬುಕ್ಕಿನಿಂದ ಇಷ್ಟು ತೆಗೆಯುವುದು ಎಲ್ಲಿಂದ? ಒಂದು ಹೆರಿಗೆಯ ಬೆನ್ನಿಗೆ ಇನ್ನೊಂದು ಬಸಿರು ನಿಂತರೆ ನಿಧಿ ಬರಿದಾಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂತು. ಇಡೀ ದೇಶದಲ್ಲಿ ನೂರಕ್ಕೆ 57. ಇಪ್ಪತ್ತು ಜನರ ಒಂದು ಸಂಘ ಎಂದರೆ ಒಂಬತ್ತು ಹತ್ತು ಮಂದಿ. ಮುಂದಿನ ಸಭೆಯಲ್ಲಿ ಸುತ್ತ ಒಮ್ಮೆ ನೋಡಿ.

ಒಬ್ಬಳ ಕೆಲಸ ನಿಂತರೆ

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ. ಜೀವಕೋಶದ ಒಳಗಿನ ಒಲೆಯ ವಿಷಯ ಹೇಳಿದ್ದೆನಲ್ಲ. ಕೆಂಪು ಕಣ ಕಡಿಮೆಯಾದರೆ, ಅಥವಾ ಕಣವಿದ್ದರೂ ಒಳಗೆ ಹಿಮೋಗ್ಲೋಬಿನ್ ಇಲ್ಲದೆ ಬಿಳಿಚಿದ್ದರೆ, ದೇಹದ ಅಷ್ಟೂ ಒಲೆಗಳಿಗೆ ಗಾಳಿ ಸಾಲದು. ಕಾಲಿನ ಸ್ನಾಯುವಿನ ಒಲೆ ಮಂಕಾದರೆ ಕಾಲು ಸೋಲುತ್ತದೆ. ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು, ಆದರೆ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಹಾಗಾಗಿ ತಲೆಸುತ್ತು, ಮರೆವು, ಕೂತಲ್ಲೇ ತೂಕಡಿಕೆ. ಇದ್ದ ಸ್ವಲ್ಪ ರಕ್ತವನ್ನೇ ಬೇಗ ಬೇಗ ತಿರುಗಿಸಬೇಕೆಂದು ಹೃದಯ ಜೋರಾಗಿ ಬಡಿಯುತ್ತದೆ, ಅದು ಡವಡವ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೂತ್ರಪಿಂಡಕ್ಕೆ ಆಮ್ಲಜನಕ ಕಡಿಮೆಯೆಂದು ಗೊತ್ತಾದ ಕೂಡಲೇ ಅದು "ಇನ್ನಷ್ಟು ಕಣ ಮಾಡು" ಎಂದು ಹಾರ್ಮೋನಿನ ಮೂಲಕ ಮಜ್ಜೆಗೆ ಹೇಳಿ ಕಳಿಸುತ್ತದೆ. ಮಜ್ಜೆ ತಯಾರಾಗಿಯೇ ಇದೆ, ಕಬ್ಬಿಣ ಇಲ್ಲ. ಹಿಟ್ಟಿಲ್ಲದ ಮನೆಯಲ್ಲಿ ಒಲೆ ಹಚ್ಚಿ ಕೂತ ಹಾಗೆ.

ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕೆನಿಸುವುದೂ ಎಷ್ಟೋ ಸಲ ಕಬ್ಬಿಣದ ಕೊರತೆಯ ಲಕ್ಷಣವೇ. ಸೊಸೆ ಕದ್ದು ಅಕ್ಕಿ ತಿಂತಾಳೆ ಅಂತ ಬೈಯುವ ಅತ್ತೆಯರು ಇದನ್ನು ಗಮನಿಸಬೇಕು.

ಬಸುರಿಯಲ್ಲಿ ಇದು ಜೀವಕ್ಕೇ ಬರುತ್ತದೆ. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ಹಿಮೋಗ್ಲೋಬಿನ್ 12 ಇದ್ದವಳು ತಡೆದುಕೊಳ್ಳುವಷ್ಟು ರಕ್ತಸ್ರಾವವನ್ನು 7 ಇದ್ದವಳು ತಡೆಯಲಾರಳು. ಗರ್ಭಿಣಿಗೆ 11ರ ಕೆಳಗಿದ್ದರೆ ರಕ್ತಹೀನತೆ, 7ರ ಕೆಳಗಿದ್ದರೆ ತೀವ್ರ. ತಾಯಿ ಕಾರ್ಡಿನಲ್ಲಿ ಆ ಅಂಕಿ ಬರೆದಿರುತ್ತಾರೆ. ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ.

ಸೋರುವುದು ಎಲ್ಲಿ?

ಮಾತ್ರೆ ತಿಂದರೂ ಏರದಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಒಂದು, ಕೊಕ್ಕೆಹುಳು. ಬರಿಗಾಲಲ್ಲಿ ಗದ್ದೆ, ಬಯಲಿಗೆ ಹೋದಾಗ ಪಾದದ ಚರ್ಮ ತೂರಿ ಒಳಬಂದು ಕೊನೆಗೆ ಸಣ್ಣ ಕರುಳಿನ ಒಳಹೊದಿಕೆಗೆ ಹಲ್ಲು ಕಚ್ಚಿ ರಕ್ತ ಕುಡಿಯುತ್ತದೆ. ಇದಕ್ಕೆ ಹುಳುವಿನ ಮಾತ್ರೆ ಬೇಕು, ಕಾಲಿಗೆ ಚಪ್ಪಲಿ ಬೇಕು. ಎರಡು, ಮುಟ್ಟಿನ ಅತಿಸ್ರಾವ. "ಹೆಂಗಸರಿಗೆ ಇದ್ದದ್ದೇ" ಎಂದು ಸುಮ್ಮನಿರುವುದು ಬೇಡ. ಹಾಗಂತ ಗರ್ಭಕೋಶ ತೆಗೆಸಿಬಿಡಿ ಎಂದು ಯಾರಾದರೂ ಮೊದಲ ಭೇಟಿಯಲ್ಲೇ ಹೇಳಿದರೆ ಅದಕ್ಕೂ ಒಪ್ಪಬೇಡಿ. ಬಹಳ ಸಲ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ, ಇನ್ನೊಬ್ಬ ಡಾಕ್ಟರನ್ನು ಕೇಳಿ.

ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ. ಫೋಲಿಕ್ ಆಮ್ಲ, ಬಿ-12 ಕಡಿಮೆಯಾದರೂ ಬರುತ್ತದೆ. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ರೋಗದಲ್ಲಿ ಕೆಂಪು ಕಣವೇ ಕುಡುಗೋಲಿನಂತೆ ಬಾಗಿ, 120 ದಿನದ ಬದಲು ಕೆಲವೇ ದಿನದಲ್ಲಿ ಒಡೆದುಹೋಗುತ್ತದೆ. ಅದು ಹುಟ್ಟಿನಿಂದ ಬರುವಂಥದು, ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು.

ಹತ್ತು ದಿನದ ಮಾತ್ರೆ

"ಹತ್ತು ದಿನ ತಿಂದೆ, ಏನೂ ಆಗಲಿಲ್ಲ, ಬಿಟ್ಟೆ" ಎಂದು ಹೇಳುವವರೇ ಹೆಚ್ಚು. ಮಾತ್ರೆ ತಿಂದ ಕಬ್ಬಿಣ ಮಜ್ಜೆಗೆ ಹೋಗಿ, ಅಲ್ಲಿ ಕಣವಾಗಿ, ಹೊರಗೆ ಬರಲು ಒಂದು ವಾರ ಬೇಕು. ಹಳೆಯ ಬಿಳಿಚಿದ ಕಣಗಳೆಲ್ಲ ಹೋಗಿ ಹೊಸವು ತುಂಬಲು ಮೂರು ನಾಲ್ಕು ತಿಂಗಳು. ಚೆನ್ನಾಗಿ ನಡೆದರೆ ಹಿಮೋಗ್ಲೋಬಿನ್ ತಿಂಗಳಿಗೆ ಸುಮಾರು 1 ಗ್ರಾಂ ಏರುತ್ತದೆ. 12 ಮುಟ್ಟಿದ ಮೇಲೂ ಇನ್ನು ಮೂರು ತಿಂಗಳು ತಿನ್ನಬೇಕು, ಯಾಕೆಂದರೆ ಲಿವರಿನಲ್ಲಿ ಇರಬೇಕಾದ ಠೇವಣಿಯೂ ತುಂಬಬೇಕು.

ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟದ ನಂತರ ತಿನ್ನಿ. ಟೀ, ಕಾಫಿ, ಹಾಲಿನ ಜೊತೆ ಬೇಡ, ಕನಿಷ್ಠ ಒಂದೆರಡು ಗಂಟೆ ಅಂತರವಿರಲಿ. ಸುಣ್ಣದ ಮಾತ್ರೆ (ಕ್ಯಾಲ್ಸಿಯಂ) ಬೇರೆ ಹೊತ್ತಿಗೆ. ನಿಂಬೆಹುಳಿ, ನೆಲ್ಲಿಕಾಯಿ, ಸೀಬೆಹಣ್ಣು ಕಬ್ಬಿಣ ಹೀರಲು ಸಹಾಯ ಮಾಡುತ್ತವೆ. ಸೊಪ್ಪು, ಕಾಳು, ರಾಗಿಯಲ್ಲಿ ಕಬ್ಬಿಣ ಇದ್ದರೂ ಕರುಳಿಗೆ ದಕ್ಕುವುದು ಕಡಿಮೆ. ಮಾಂಸ, ಮೀನಿನದು ಚೆನ್ನಾಗಿ ದಕ್ಕುತ್ತದೆ. ಮನೆಯಲ್ಲಿ ಮಾಂಸ ಮಾಡಿದ ದಿನ ಒಳ್ಳೆ ತುಂಡೆಲ್ಲ ಯಾರ ತಟ್ಟೆಗೆ ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಸರ್ಕಾರದ ರಕ್ತಹೀನತೆ ತಡೆ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, ಹೆರಿಗೆಯ ಮೇಲೆ 180 ದಿನ ಮತ್ತೆ ದಿನಕ್ಕೊಂದು, ಹದಿಹರೆಯದ ಹೆಣ್ಣುಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ದುಡ್ಡಿಲ್ಲ. ಆದರೆ 8ರ ಕೆಳಗೆ ಇದ್ದವರು, ಗರ್ಭಿಣಿಯಾದರೆ 7ರ ಕೆಳಗೆ ಇದ್ದವರು, ಬರೀ ಮಾತ್ರೆ ನಂಬಿ ಕೂರದೆ ಆಸ್ಪತ್ರೆಗೇ ಹೋಗಬೇಕು.

ನಮ್ಮ ಆ ಅಕ್ಕನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹುಳುವಿನ ಮಾತ್ರೆ ಕೊಟ್ಟರು, ಕಬ್ಬಿಣವನ್ನು ಡ್ರಿಪ್ಪಿನಲ್ಲಿ ಕೊಟ್ಟರು, ಆಮೇಲೆ ಮಾತ್ರೆ. ನಾಲ್ಕು ತಿಂಗಳ ಮೇಲೆ 10.9 ಬಂತು, ಮಾತ್ರೆ ಇನ್ನೂ ನಡೆಯುತ್ತಿದೆ. ಆವತ್ತು ಹಾಕಿದ 10 ರೂಪಾಯಿ ದಂಡವನ್ನು ವಾಪಸ್ ಕೊಡಬೇಕೆಂದು ಸಭೆಯಲ್ಲಿ ಠರಾವಾಯಿತು. ನಡಾವಳಿ ಪುಸ್ತಕದಲ್ಲಿ ನಾನೇ ಬರೆದು ಸಹಿ ಮಾಡಿದೆ. ಆ ದುಡ್ಡನ್ನು ಅವರು ಉಳಿತಾಯಕ್ಕೆ ಹಾಕಿ ಅಂದರು.